ಅಣ್ಣ ಎಣಿಸಿ ಕೊಟ್ಟ ಮೂರು ಪುಸ್ತಕಗಳು

ಪುಸ್ತಕ ಹೊಲಿಯುವವರು ಪುಸ್ತಕ ಓದಬಾರದು. ಇದು ಹೊಲಿಗೆಯಕ್ಕನ ಅಪ್ಪ ಮಾಡಿಟ್ಟ ಕಾನೂನು. ಓದಲು ಕೂತರೆ ಅಂಟು ಒಣಗುತ್ತದೆ, ದಾರ ಸಿಕ್ಕಾಗುತ್ತದೆ, ಗಿರಾಕಿ ಬಾಗಿಲಲ್ಲಿ ನಿಂತು ಕೆಮ್ಮುತ್ತಾನೆ. ಮಿಠಾಯಿ ಅಂಗಡಿಯವನೇ ಮಿಠಾಯಿ ತಿನ್ನುತ್ತ ಕೂತರೆ ಅಂಗಡಿ ಉಳಿಯುತ್ತದೆಯೇ ಎಂದು ಅಪ್ಪ ಕೇಳುತ್ತಿದ್ದ. ಇಬ್ಬರು ಮಕ್ಕಳಲ್ಲಿ ಮಗಳು ಈ ಕಾನೂನನ್ನು ಐವತ್ತು ವರ್ಷ ತಲೆಯ ಮೇಲೆ ಹೊತ್ತುಕೊಂಡು ನಡೆದಳು. ಮಗ ಮೊದಲ ದಿನವೇ ಮುರಿದ, ಆಮೇಲೆ ದಿನವೂ ಮುರಿದ.

ಊರಿನ ಗ್ರಂಥಾಲಯದ ಹಿಂಭಾಗದಲ್ಲಿ, ನೀರಿನ ತೊಟ್ಟಿಯ ಪಕ್ಕದಲ್ಲಿ, ಒಂದೇ ಕಿಟಕಿಯ ಒಂದು ಕೋಣೆಯಿದೆ. ಅಲ್ಲಿ ಬಾಗಿಲಿನಷ್ಟು ಅಗಲದ ಮೇಜು, ಕಬ್ಬಿಣದ ಒತ್ತುಯಂತ್ರ, ಅಂಟು ಕಾಯಿಸುವ ಪುಟ್ಟ ಒಲೆ, ಗೋಡೆಗೆ ಒರಗಿಸಿದ ರಟ್ಟುಗಳು, ಎರಡು ಸ್ಟೂಲು. ಫ್ಯಾನ್ ಇದೆ, ಆದರೆ ಹಾಕುವಂತಿಲ್ಲ. ಹಾಕಿದರೆ ಒಂದು ಕಾದಂಬರಿಯ ಮದುವೆ ಇನ್ನೊಂದು ಕಾದಂಬರಿಯ ಸಾವಿನ ಮೇಲೆ ಹೋಗಿ ಕೂರುತ್ತದೆ. ಬೆನ್ನು ಮುರಿದ, ಹೊಟ್ಟೆ ಬಿಚ್ಚಿದ, ಓದುಗರ ಎಂಜಲು ಬೆರಳಿನಿಂದ ಮೂಲೆ ಮಡಚಿದ ಪುಸ್ತಕಗಳೆಲ್ಲ ಕೊನೆಗೆ ಬರುವುದು ಈ ಕೋಣೆಗೆ. ಬೋರ್ಡಿನಲ್ಲಿ 'ಹೊಲಿಗೆ ವಿಭಾಗ' ಎಂದು ನೋಡಿ ಹರಿದ ಅಂಗಿ ಹಿಡಿದು ಬಂದವರೂ ಉಂಟು. ಹೊಲಿಗೆಯಕ್ಕ ಅವರನ್ನು ಬರಿಗೈಲಿ ಕಳಿಸಿದವಳಲ್ಲ, ಎರಡು ಹೊಲಿಗೆ ಹಾಕಿಯೇ ಕಳಿಸಿದವಳು.

ನಮಗೆ ನಿಮಗೆ ಪುಸ್ತಕವೆಂದರೆ ಹಾಳೆಗಳ ಕಟ್ಟು. ಅವಳಿಗೆ ಅದು ಫಾರಮುಗಳ ಸಾಲು. ದೊಡ್ಡ ಹಾಳೆಯೊಂದನ್ನು ಮಡಚಿ ಮಡಚಿ ಹದಿನಾರು ಪುಟ ಮಾಡಿದರೆ ಅದೊಂದು ಫಾರಂ. ಅಂಥ ಹನ್ನೆರಡೋ ಹದಿಮೂರೋ ಫಾರಮುಗಳನ್ನು ಒಂದರ ಮೇಲೊಂದಿಟ್ಟು ಬೆನ್ನಿನಲ್ಲಿ ಮೇಣದ ದಾರ ಓಡಿಸಿದರೆ ಪುಸ್ತಕ. ಪ್ರತಿ ಫಾರಮಿನ ಮೊದಲ ಪುಟದ ಬುಡದ ಮೂಲೆಯಲ್ಲಿ, ಸಾಸಿವೆ ಕಾಳಿನಷ್ಟು ಚಿಕ್ಕದಾಗಿ ಒಂದು ಅಂಕಿ ಇರುತ್ತದೆ. ಆ ಅಂಕಿ ನೋಡಿ ಸಾಲಾಗಿ ಜೋಡಿಸಬೇಕು. ಈ ಕೆಲಸಕ್ಕೆ ಅವರ ಮನೆಯಲ್ಲಿ 'ಎಣಿಸುವುದು' ಎನ್ನುತ್ತಾರೆ. ಎಣಿಸುವುದು ಹಿರಿಯರ ಕೆಲಸ, ಹೊಲಿಯುವುದು ಕಿರಿಯರ ಕೆಲಸ. ಹಿರಿಯರು ಎಣಿಸಿ ಕೊಟ್ಟಿದ್ದನ್ನು ಕಿರಿಯರು ಇನ್ನೊಮ್ಮೆ ಎಣಿಸಬಾರದು. ಎಣಿಸಿದರೆ ಅವರ ಮುಖಕ್ಕೇ ಹೊಡೆದ ಹಾಗೆ. ಇದೂ ಅಪ್ಪನ ಕಾನೂನೇ. ಅಪ್ಪನ ಹತ್ತಿರ ಕಾನೂನಿಗೇನೂ ಬರವಿರಲಿಲ್ಲ.

ಅಪ್ಪನ ನಂತರ ಎಣಿಸುವವನು ಅಣ್ಣ. ಮೂವತ್ತೈದು ವರ್ಷ ಅವನು ಗ್ರಂಥಾಲಯದ ಬೈಂಡರ್ ಆಗಿದ್ದ, ಅವಳು ಅವನ ಕೈಕೆಳಗೆ ಹೊಲಿಯುತ್ತಿದ್ದಳು. ಆರು ವರ್ಷದ ಹಿಂದೆ ಅವನು ನಿವೃತ್ತನಾದಾಗ ಕುರ್ಚಿ ಅವಳಿಗೆ ಬಂತು. ಕುರ್ಚಿ ಬಂತು ಅನ್ನುವುದು ಮಾತಿಗೆ, ಅಲ್ಲಿದ್ದದ್ದು ಅದೇ ಸ್ಟೂಲು. ನಿವೃತ್ತಿಯ ಮರುದಿನ ಬೆಳಿಗ್ಗೆ ಅಣ್ಣ ಎಂದಿನಂತೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತ. ಇಬ್ಬರೂ ಹೊರಟರು. ಅತ್ತಿಗೆ ತೀರಿಕೊಂಡಿದ್ದಳು. ಇವಳ ಗಂಡನಂತೂ ಮದುವೆಯಾದ ಮೂರನೇ ವರ್ಷವೇ ಹೋಗಿದ್ದ. ಬೇಕರಿಯ ಮೇಲಿನ ಎರಡು ಕೋಣೆಗಳಲ್ಲಿ ಅಣ್ಣ ತಂಗಿ ಇಬ್ಬರೇ. ಬೆಳಿಗ್ಗೆ ಬ್ರೆಡ್ಡಿನ ವಾಸನೆಗೆ ಏಳುತ್ತಿದ್ದರು, ಸಂಜೆ ಅಂಟಿನ ವಾಸನೆ ಹೊತ್ತು ಮರಳುತ್ತಿದ್ದರು.

ಎರಡು ವರ್ಷದಿಂದ ಅಣ್ಣನಲ್ಲಿ ಏನೋ ಸಡಿಲವಾಗುತ್ತಿತ್ತು. ಎದುರಿಗೇ ಗಡಿಯಾರವಿದ್ದರೂ "ಪುಟ್ಟಿ, ಗಂಟೆ ಎಷ್ಟು?" ಎಂದು ಕೇಳುತ್ತಿದ್ದ. ಐವತ್ತೇಳರ ಹೆಂಗಸು ಅವನ ಬಾಯಲ್ಲಿ ಇನ್ನೂ ಪುಟ್ಟಿಯೇ. ಬಸ್ಸು ಬಂದರೆ ಅವಳು ಹತ್ತುವವರೆಗೆ ಹತ್ತುತ್ತಿರಲಿಲ್ಲ. ಬೆಳಗಿನ ಪೇಪರನ್ನು ಗಟ್ಟಿಯಾಗಿ ಓದಿ ಹೇಳುವುದು ಅವನ ಹಳೆಯ ಚಾಳಿ. ಈಗಲೂ ಸರಾಗವಾಗಿ ಓದುತ್ತಿದ್ದ, ಆದರೆ "ಬಸ್ಸು ಮಗುಚಿ ಇಷ್ಟು ಜನರಿಗೆ ಗಾಯ", "ಅಷ್ಟು ವರ್ಷದ ಮುದುಕಿ ಈಜಿ ಗೆದ್ದಳು" ಎಂದು ಓದುತ್ತಿದ್ದ. ಸೋಮಾರಿ ಎಂದು ಅವಳು ನಗುತ್ತಿದ್ದಳು. ಕನ್ನಡಕ ಬದಲಿಸಿದಳು. ಡಾಕ್ಟರ ಹತ್ತಿರ ಹೋಗೋಣವೇ ಎಂಬ ಮಾತು ನಾಲಿಗೆಯ ತುದಿಗೆ ಬಂದು ಮತ್ತೆ ಒಳಗೆ ಹೋಗುತ್ತಿತ್ತು. ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವ ಬೆಕ್ಕಿಗೂ ಅವಳಿಗೂ ಏನು ವ್ಯತ್ಯಾಸ? ತಾನು ನೋಡದಿದ್ದರೆ ಯಾರೂ ನೋಡುವುದಿಲ್ಲ ಎಂದುಕೊಂಡಿದ್ದಳು.

ಅಷ್ಟರಲ್ಲಿ ಹೊಸ ಗ್ರಂಥಪಾಲಕಿ ಬಂದಳು. ಮೂವತ್ತರ ಹುಡುಗಿ, ನಡೆದರೆ ಬೀಗದ ಕೈಗಳ ಸದ್ದು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಈಕೆ ಬಂದ ಮೊದಲ ವಾರವೇ ಕಟ್ಟಡದ ಪ್ರತಿ ಬಾಗಿಲಿಗೂ ಚೀಟಿ ಅಂಟಿಸಿದಳು. ನೀರಿನ ತೊಟ್ಟಿಯ ಮೇಲೂ 'ನೀರಿನ ತೊಟ್ಟಿ' ಎಂದು ಬರೆದಳು, ಯಾರಾದರೂ ಅದನ್ನು ಓದುವ ಕೋಣೆ ಎಂದುಕೊಂಡಾರು ಅನ್ನುವ ಹಾಗೆ. ಹೊಲಿಗೆ ಕೋಣೆಯ ಬಾಗಿಲಿಗೆ ಬಿದ್ದ ಚೀಟಿ 'ಸಿಬ್ಬಂದಿಗೆ ಮಾತ್ರ'.

ಅಣ್ಣ ಅದನ್ನು ನಿಂತು ಓದಿದ. "ಸಿಬ್ಬಂದಿಗೆ ಮಾತ್ರ ಅಂತಿದೆ. ಹಾಗಾದ್ರೆ ನಾನು ಯಾರು ಪುಟ್ಟಿ?"

"ನೀನು ಎಣಿಸೋನು. ಒಳಗೆ ಬಾ."

ಅದೇ ಮಧ್ಯಾಹ್ನ ಗ್ರಂಥಪಾಲಕಿ ಅವಳನ್ನು ಮೇಲೆ ಕರೆಸಿದಳು. ಕೆಟ್ಟವಳಲ್ಲ, ಅದನ್ನು ಹೇಳಲೇಬೇಕು. ಕೂರಿಸಿಯೇ ಮಾತಾಡಿದಳು.

"ನಿಮ್ಮ ಅಣ್ಣ ಅಲ್ಲಿ ದಿನಾ ಬಂದು ಕೂರೋದು ಸರಿ ಹೋಗಲ್ಲಕ್ಕಾ. ನಿವೃತ್ತಿ ಆದವರು ಹೊರಗಿನವರ ಲೆಕ್ಕ. ಅಲ್ಲಿ ಒಲೆ ಇದೆ, ಚಾಕು ಇದೆ, ಪುಸ್ತಕ ಇದೆ. ನಾಳೆ ಏನಾದ್ರೂ ಆದ್ರೆ ಉತ್ತರ ಹೇಳೋಳು ನಾನು."

"ಅವರು ಎಣಿಸಿ ಕೊಟ್ರೇನೇ ಮೇಡಂ ನನಗೆ ಹೊಲಿಯೋಕೆ ಆಗೋದು. ನಲವತ್ತು ವರ್ಷದಲ್ಲಿ ಒಂದು ಪುಟ ಹಿಂದೆ ಮುಂದೆ ಆಗಿಲ್ಲ. ಬೇಕಾದ್ರೆ ಕಪಾಟಿನಿಂದ ಯಾವ್ದಾದ್ರೂ ತೆಗೆದು ನೋಡಿ."

ಗ್ರಂಥಪಾಲಕಿ ಪೆನ್ನಿನ ಮುಚ್ಚಳವನ್ನು ತೆಗೆದಳು, ಹಾಕಿದಳು. "ಸರಿ. ತಪ್ಪದೇ ಇರೋವರೆಗೆ ಇರಲಿ. ತಪ್ಪಿದ್ರೆ ಮಾತ್ರ ನನ್ನ ಮುಂದೆ ಬಂದು ಕೇಳ್ಬೇಡಿ."

ಹೊಲಿಗೆಯಕ್ಕ ಮೆಟ್ಟಿಲಿಳಿದು ಬಂದಳು. ಮನೆಯಲ್ಲಿ ಅಣ್ಣನನ್ನು ಒಬ್ಬನೇ ಬಿಡುವುದೆಂದರೆ ಏನೆಂದು ಅವಳಿಗೆ ಗೊತ್ತಿತ್ತು. ಜ್ವರ ಬಂದು ಅವನು ಒಂದು ವಾರ ಮನೆಯಲ್ಲಿದ್ದಾಗ, ಹಾಸಿಗೆಯ ಮೇಲೆ ಕೂತು ಹೊದಿಕೆಯ ಅಂಚನ್ನು ಮಡಚುತ್ತ, ಬಿಡಿಸುತ್ತ, ಮತ್ತೆ ಮಡಚುತ್ತ ಇದ್ದ. ಆ ಕೋಣೆಯಲ್ಲಿ ಕೂತರೆ ಅವನು ಅಣ್ಣ. ಹೊರಗೆ ಬಂದರೆ ಬರೀ ಮುದುಕ.

ತೊಟ್ಟಿಯ ಪೈಪು ಒಡೆದದ್ದು ಅದಾದ ಎರಡು ವಾರಕ್ಕೆ. ಯಾರೋ ಮನೆ ಖಾಲಿ ಮಾಡುವಾಗ ದಾನ ಕೊಟ್ಟ ಪೆಟ್ಟಿಗೆಯೊಂದು ಗೋಡೆಯ ಬುಡದಲ್ಲಿತ್ತು. ಅದರಲ್ಲಿ ಉಳಿಸಬಹುದಾದವು ಮೂರು ಪುಸ್ತಕಗಳು: ಒಂದು ಮಿದುಳಿನದು, ಒಂದು ಹುಳುಹುಪ್ಪಟೆಯದು, ಒಂದು ಸಂಸಾರದ ಕಾದಂಬರಿ. ಅಷ್ಟು ದೂರದ ಮೂರು ವಿಷಯಗಳು ಒಂದೇ ಮನೆಯ ಕಪಾಟಿನಲ್ಲಿ ಹೇಗೆ ಕೂತಿದ್ದವೋ. ಆದರೆ ಮೂರೂ ಒಂದೇ ಅಳತೆ, ಒಂದೇ ಹಳದಿ ಕಾಗದ. ಒಂದು ಪುಸ್ತಕ ಮುಗಿಯದೆ ಇನ್ನೊಂದನ್ನು ಬಿಚ್ಚಬಾರದೆಂಬುದು ಆ ಕೋಣೆಯ ಪದ್ಧತಿ. ಒದ್ದೆ ಪುಸ್ತಕ ಪದ್ಧತಿ ಕೇಳುತ್ತದೆಯೇ? ಮೂರನ್ನೂ ಒಟ್ಟಿಗೆ ಬಿಚ್ಚಿ, ಕೋಣೆಯುದ್ದಕ್ಕೂ ಹಗ್ಗ ಕಟ್ಟಿ, ಬಟ್ಟೆ ಒಣಗಹಾಕಿದಂತೆ ಫಾರಮುಗಳನ್ನು ನೇತುಹಾಕಿದರು. ಎರಡು ದಿನ ಮಿದುಳು, ಹುಳು, ಸಂಸಾರ ಮೂರೂ ಒಂದೇ ಹಗ್ಗದಲ್ಲಿ ತೂಗಾಡಿದವು.

ಒಣಗಿದ ಮೇಲೆ ಎಲ್ಲವನ್ನೂ ಅಣ್ಣನ ಮುಂದೆ ರಾಶಿ ಹಾಕಿದಳು. ಬೇರೆ ಕಾಲದಲ್ಲಾದರೆ ಅವನಿಗದು ಒಂದು ಬೆಳಗಿನ ಕೆಲಸ. ಈ ಸಲ ನಾಲ್ಕು ದಿನ ಹಿಡಿಯಿತು. ಒಂದು ಫಾರಮಿನ ಕೊನೆಯ ಪುಟ ಓದುತ್ತಾನೆ, ತುಟಿ ಅಲುಗುತ್ತದೆ. ಇನ್ನೊಂದರ ಮೊದಲ ಪುಟ ಓದುತ್ತಾನೆ, ತಲೆ ಅಲ್ಲಾಡಿಸಿ ಬದಿಗಿಡುತ್ತಾನೆ. ಒಮ್ಮೊಮ್ಮೆ ತನ್ನಷ್ಟಕ್ಕೇ ನಗುತ್ತಾನೆ. ಎರಡು ಫಾರಂ ಜೊತೆಗಿಟ್ಟು ಅಂಗೈಯಿಂದ ಸವರುತ್ತಾನೆ.

"ಓದ್ಬೇಡ ಅಣ್ಣ, ಎಣಿಸು," ಎಂದಳು.

"ಎಣಿಸ್ತಾನೇ ಇದ್ದೀನಲ್ಲೇ. ಅವಸರ ಮಾಡ್ಬೇಡ. ಒಂದೊಂದಕ್ಕೂ ಅದರ ಜೊತೆ ಸಿಗ್ಬೇಕಲ್ಲ."

ಐದನೇ ದಿನ ಮೂರು ಕಟ್ಟುಗಳು ಅವಳ ಮುಂದೆ ಬಂದವು. ಮೇಲೆ ಶೀರ್ಷಿಕೆಯ ಪುಟ, ಕೆಳಗೆ ಕೊನೆಯ ಪುಟ, ಅಂಚುಗಳು ಕೂದಲೆಳೆಯಷ್ಟೂ ಆಚೀಚೆಯಿಲ್ಲ. ಅವಳು ದಬ್ಬಳಕ್ಕೆ ದಾರ ಪೋಣಿಸಿದಳು. ಹೆಬ್ಬೆರಳು ತಾನಾಗಿಯೇ ಮೊದಲ ಫಾರಮಿನ ಮೂಲೆಗೆ ಹೋಯಿತು. ಸುಮ್ಮನೆ ಒಮ್ಮೆ ಅಂಕಿಗಳನ್ನು ನೋಡಿಬಿಡಲೇ? ನೋಡಲಿಲ್ಲ. ಹಿರಿಯರು ಎಣಿಸಿದ್ದನ್ನು ಎಣಿಸಬಾರದು ಎಂದು ತನಗೆ ತಾನೇ ಹೇಳಿಕೊಂಡಳು. ಮರ್ಯಾದೆ ಅಂತ ಅದಕ್ಕೆ ಹೆಸರು ಕೊಟ್ಟಳು. ನಿಜ ಹೇಳಬೇಕೆಂದರೆ ಅದು ಹೆದರಿಕೆ. ಮೂರು ಪುಸ್ತಕಗಳನ್ನೂ ಹೊಲಿದು, ಬೆನ್ನಿಗೆ ಅಂಟು ಹಚ್ಚಿ, ರಟ್ಟು ಕೂರಿಸಿ, ಮೇಲೆ ಕಳಿಸಿದಳು. ಗ್ರಂಥಪಾಲಕಿ ಅಂದದ ಬೆನ್ನುಗಳನ್ನು ನೋಡಿ ಮೆಚ್ಚಿಕೊಂಡಳು.

ಮೂರು ವಾರ ಕಳೆಯಿತು. ಒಂದು ಬೆಳಿಗ್ಗೆ ಕೋಣೆಯ ಕಿಟಕಿಯಾಚೆ ನರ್ಸಮ್ಮನ ಮುಖ ಕಾಣಿಸಿತು. ಆಸ್ಪತ್ರೆಯಿಂದ ನಿವೃತ್ತಳಾದ ಈಕೆ ಗ್ರಂಥಾಲಯಕ್ಕೆ ಗೆದ್ದಲಿಗಿಂತ ಹೆಚ್ಚು. ಸಿಕ್ಕಿದ್ದೆಲ್ಲ ಓದುತ್ತಾಳೆ, ಒಂದು ಸಲಕ್ಕೆ ಮೂರು ಎಂಬ ನಿಯಮವಿಲ್ಲದಿದ್ದರೆ ಕಪಾಟನ್ನೇ ಹೊತ್ತುಕೊಂಡು ಹೋಗುವವಳು. ಕೈಯಲ್ಲಿ ಅದೇ ಮೂರು ಪುಸ್ತಕಗಳಿದ್ದವು.

"ಏನ್ ಹೊಲಿಗೆಯಕ್ಕಾ, ಕಾದಂಬರಿಯ ಹಿರಿ ಸೊಸೆಗೆ ಮೀಸೆ ಬಂದಿದೆಯಲ್ಲ!"

"ಮೀಸೆಯಾ?"

"ಕೇಳಿ ಇಲ್ಲಿ." ನರ್ಸಮ್ಮ ಕನ್ನಡಕ ಏರಿಸಿ ಓದಿದಳು. "'ಮನೆ ಪಾಲಾಗುವ ಮಾತು ಕಿವಿಗೆ ಬಿದ್ದ ಕೂಡಲೇ ಹಿರಿಯ ಸೊಸೆಯು'... ಪುಟ ತಿರುಗಿಸಿದೆ... 'ಮುಂಗಾಲುಗಳಿಂದ ಎರಡೂ ಮೀಸೆಗಳನ್ನು ಒರೆಸಿಕೊಂಡು ಗೂಡಿನ ಬಾಗಿಲಲ್ಲಿ ಕಾವಲು ನಿಲ್ಲುವುದು ವಾಡಿಕೆ.' ನಂಗೇನೂ ಅನುಮಾನ ಬರ್ಲಿಲ್ಲ ಕಣ್ರೀ, ನಮ್ಮ ಮನೇಲೂ ಅಂಥ ಓರಗಿತ್ತಿ ಒಬ್ಳಿದ್ಳು. ಪುಟದ ನಂಬರ್ ನೋಡಿದ್ಮೇಲೆ ಗೊತ್ತಾಯ್ತು."

ಹೊಲಿಗೆಯಕ್ಕ ನಗಲಿಲ್ಲ. ನರ್ಸಮ್ಮ ಅವಳನ್ನು ನೋಡಿದಳು, ಅವಳ ಹಿಂದೆ ಸ್ಟೂಲಿನ ಮೇಲೆ ಕೂತು ಕಾಗದದ ಚೂರುಗಳನ್ನು ಮಡಚುತ್ತಿದ್ದ ಅಣ್ಣನನ್ನು ನೋಡಿದಳು. ದನಿ ತಗ್ಗಿತು.

"ನಾನು ಕೌಂಟರಿಗೆ ಹೋಗಿಲ್ಲ. ಸೀದಾ ಕಿಟಕಿಗೇ ಬಂದೆ. ಸರಿ ಮಾಡಿ ಇಟ್ಬಿಡಿ, ಯಾರಿಗೂ ಗೊತ್ತಾಗಲ್ಲ. ಆದ್ರೆ ಬಿಚ್ಚೋಕೆ ಮುಂಚೆ ಒಂದ್ಸಲ ಓದಿ."

"ನಾನು ಓದೋದಿಲ್ಲ ನರ್ಸಮ್ಮ. ಹೊಲಿಯೋದಷ್ಟೇ."

"ಓದಿ ಅಂದ್ನಲ್ಲ. ಮೂವತ್ತು ವರ್ಷ ವಾರ್ಡಿನಲ್ಲಿದ್ದೋಳು ನಾನು. ಇದು ಸುಮ್ನೆ ಕಲಸಿಹಾಕಿದ್ದಲ್ಲ."

ನರ್ಸಮ್ಮ ಹೋದಳು. ಅಂಟಿನ ಕುಂಚಗಳನ್ನು ತೊಳೆದು ಬಾ ಎಂದು ಹೊಲಿಗೆಯಕ್ಕ ಅಣ್ಣನನ್ನು ಅಂಗಳದ ನಲ್ಲಿಗೆ ಕಳಿಸಿದಳು. ಆಮೇಲೆ ಚಾಕು ತೆಗೆದುಕೊಂಡು, ತಾನೇ ಹಾಕಿದ ಹೊಲಿಗೆಗಳನ್ನು ಒಂದೊಂದಾಗಿ ಕತ್ತರಿಸಿದಳು. ಮೂಲೆಯ ಅಂಕಿಗಳನ್ನು ನೋಡಿದಳು. ಎರಡರ ನಂತರ ಏಳು, ಏಳರ ನಂತರ ನಾಲ್ಕು, ನಾಲ್ಕರ ನಂತರ ಇನ್ನೊಂದು ಪುಸ್ತಕದ ಹನ್ನೊಂದು. ಕಲಸುಮೇಲೋಗರ. ಆಮೇಲೆ, ಜೀವನದಲ್ಲಿ ಮೊದಲ ಬಾರಿಗೆ, ತಾನು ಹೊಲಿದ ಪುಸ್ತಕವನ್ನು ಓದಿದಳು.

ಮಿದುಳಿನ ಫಾರಮೊಂದು ಹೀಗೆ ಮುಗಿದಿತ್ತು: 'ಈ ಭಾಗಕ್ಕೆ ಪೆಟ್ಟಾದಾಗ ರೋಗಿಯು ತನಗೆ ತೀರ ಹತ್ತಿರದವರನ್ನು ಕಂಡರೂ.' ಅದರ ಮುಂದೆ ಅಣ್ಣ ಇಟ್ಟದ್ದು ಕಾದಂಬರಿಯ ಫಾರಂ: '"ನೀನು ಯಾರು, ಯಾಕೆ ಬಂದೆ?" ಎಂದು ಕೇಳಿದ. ಅವಳು ಮುಖ ಮುಚ್ಚಿಕೊಂಡು ಒಳಕ್ಕೆ ಓಡಿದಳು.'

ಮುಂದಿನದು. ಹುಳುಗಳ ಫಾರಂ: 'ಗೂಡಿನಿಂದ ಬಹಳ ದೂರ ಬಂದ ಇರುವೆಯು ದಾರಿ ತಪ್ಪಿದಾಗ.' ಅದಕ್ಕೆ ಜೋಡಿಸಿದ್ದು ಮಿದುಳಿನ ಫಾರಂ: 'ತನಗೆ ಉಳಿದಿರುವ ಶಕ್ತಿಯಿಂದಲೇ ಹೊಸ ದಾರಿ ಹುಡುಕಿಕೊಳ್ಳುತ್ತದೆ. ಅಂಕಿಗಳ ಗುರುತು ಅಳಿಸಿಹೋದವರೂ ಅಕ್ಷರಗಳನ್ನು ಸರಾಗವಾಗಿ ಓದುವುದುಂಟು.'

ಅವಳು ಆ ಸಾಲನ್ನು ಎರಡು ಸಲ ಓದಿದಳು. ಮೂರನೇ ಸಲ ಓದಲು ಕಣ್ಣು ಬಿಡಲಿಲ್ಲ.

ಎಷ್ಟು ಗಂಟೆ ಪುಟ್ಟಿ. ಇಷ್ಟು ಜನರಿಗೆ ಗಾಯ. ಅಷ್ಟು ವರ್ಷದ ಮುದುಕಿ. ಅಣ್ಣನಿಗೆ ಅಂಕಿ ಹೋಗಿತ್ತು. ಪುಟದ ಬುಡದ ಆ ಸಾಸಿವೆ ಕಾಳು ಅವನಿಗೆ ಬರೀ ಮಸಿಯ ಚುಕ್ಕೆಯಾಗಿತ್ತು. ಅದನ್ನು ಯಾರಿಗೂ ಹೇಳದೆ, ನಾಲ್ಕು ದಿನ ಕೂತು, ನಲವತ್ತು ಫಾರಮುಗಳ ತಲೆ ಮತ್ತು ಬಾಲ ಓದಿ, ಅರ್ಧಕ್ಕೆ ನಿಂತ ಪ್ರತಿ ವಾಕ್ಯಕ್ಕೂ ಒಂದು ಜೊತೆ ಹುಡುಕಿಕೊಟ್ಟಿದ್ದ. ಒಂದು ವಾಕ್ಯವೂ ಅನಾಥವಾಗಿರಲಿಲ್ಲ. ಅಪ್ಪನ ಕಾನೂನು ಮುರಿದು ಅವನು ದಿನವೂ ಓದಿದ್ದು ಈಗ ಅವನ ಕೈ ಹಿಡಿದಿತ್ತು. ತಾನು ಒಮ್ಮೆ, ಒಂದೇ ಒಂದು ಸಲ, ಮೂಲೆ ನೋಡಿದ್ದರೆ! ಹೊಲಿಗೆಯಕ್ಕ ಮೇಜಿಗೆ ತಲೆಯಾನಿಸಿ ಅತ್ತಳು. ಅಣ್ಣನ ಮೇಲೆ ಅವಳಿಗೆ ಇದ್ದ ಪ್ರೀತಿಯೆಲ್ಲ ಆ ಹೊತ್ತು ಎದೆಯಲ್ಲಿ ಹಿಡಿಸದೆ ನೋಯುತ್ತಿತ್ತು.

ಬೀಗದ ಕೈಗಳ ಸದ್ದು ಕೇಳಿ ತಲೆಯೆತ್ತಿದಾಗ ಗ್ರಂಥಪಾಲಕಿ ಬಾಗಿಲಲ್ಲಿ ನಿಂತಿದ್ದಳು. ಹೊಸ ರಟ್ಟಿನ ಅಳತೆ ಕೇಳಲು ಬಂದವಳು ಮೇಜಿನ ಮೇಲಿನ ರಾಶಿಯನ್ನು ನೋಡಿದಳು.

"ಇವು ಹೋದ ತಿಂಗಳು ಮುಗಿದು ಬಂದ ಪುಸ್ತಕಗಳಲ್ವಾ? ಯಾಕೆ ಬಿಚ್ಚಿದ್ದೀರಿ?"

ಹೊಲಿಗೆಯಕ್ಕ ಎದ್ದು ನಿಂತಳು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು, ನಲವತ್ತೇಳು ವರ್ಷ ಹಿಂದಕ್ಕೆ. ಅವಳಿಗೆ ಆಗ ಹತ್ತು, ಅಣ್ಣನಿಗೆ ಹತ್ತೊಂಬತ್ತು. ಅಪ್ಪ ಊರಲ್ಲಿಲ್ಲದ ದಿನ, ದೊಡ್ಡವಳಾಗುವ ಆಸೆಯಿಂದ ಅವಳು ಒಂದು ದಪ್ಪ ನಿಘಂಟನ್ನು ತಾನೇ ಎಣಿಸಿ ತಾನೇ ಹೊಲಿದಳು. ಹದಿನಾರು ಪುಟ ತಲೆಕೆಳಗಾಗಿ ಕೂತವು. ಗಿರಾಕಿ ಬಂದು ಕೂಗಾಡಿ ಹೋದ ಮೇಲೆ ಅಪ್ಪ ಮರದ ಅಳತೆಪಟ್ಟಿ ಕೈಗೆತ್ತಿಕೊಂಡು, "ಎಣಿಸಿದ್ದು ಯಾರು?" ಎಂದು ಕೇಳಿದ. ಅವಳು ಬಾಯಿ ತೆರೆಯುವಷ್ಟರಲ್ಲಿ ಅಣ್ಣ ಮೇಜಿನ ಕೆಳಗೆ ಅವಳ ಕಿರುಬೆರಳನ್ನು ಹಿಡಿದು ಒತ್ತಿದ. ಸುಮ್ಮನಿರು ಅಂತ. "ನಾನೇ ಎಣಿಸಿ ಕೊಟ್ಟಿದ್ದು. ಅವಳನ್ನ ಬೈಬೇಡಿ," ಅಂದ. ಅಳತೆಪಟ್ಟಿ ಅವನ ಅಂಗೈ ಮೇಲೆ ಮುರಿಯುವವರೆಗೆ ಬಿತ್ತು. ಎರಡು ದಿನ ಅವನಿಗೆ ಲೋಟ ಹಿಡಿಯಲೂ ಆಗಲಿಲ್ಲ. ಅವಳು ನಿಜ ಹೇಳಲಿಲ್ಲ. ನೋವಾಯಿತೇ ಎಂದು ಕೇಳುವ ಧೈರ್ಯವೂ ಅವಳಿಗೆ ಬರಲಿಲ್ಲ. ಆ ಋಣ ಅವಳೊಳಗೆ ಹಾಗೇ ಉಳಿದಿತ್ತು.

ಈಗ ಅವಳು ಗ್ರಂಥಪಾಲಕಿಯ ಮುಖ ನೋಡಿ ಹೇಳಿದಳು. "ಫಾರಂ ತಪ್ಪಾಗಿ ಜೋಡಿಸಿದೆ ಮೇಡಂ. ಮೂರೂ ಪುಸ್ತಕ ಕಲಸಿಹೋಗಿದೆ. ತಪ್ಪು ನಂದು. ಎಣಿಸಿದ್ದು ನಾನೇ."

"ನೀವಾ? ಎಣಿಸೋದು ನಿಮ್ಮ ಅಣ್ಣ ಅಂದಿದ್ರಲ್ಲ?"

"ಈ ಸಲ ನಾನು ಎಣಿಸಿದೆ."

"ಇಲ್ಲ."

ಬಾಗಿಲಲ್ಲಿ ಅಣ್ಣ. ಕೈಯಲ್ಲಿ ತೊಳೆದ ಕುಂಚಗಳು, ನೀರು ಮೊಣಕೈವರೆಗೆ ಇಳಿಯುತ್ತಿತ್ತು. ಅವನು ನಿಧಾನವಾಗಿ ಒಳಗೆ ಬಂದು ತಂಗಿಯ ಪಕ್ಕದಲ್ಲಿ ನಿಂತ. ಗ್ರಂಥಪಾಲಕಿಯ ಕೈಯಲ್ಲಿ ರಟ್ಟು ಅಳೆಯುವ ಪಟ್ಟಿಯಿತ್ತು. ಅಣ್ಣನ ಕಣ್ಣು ಅದರ ಮೇಲೆಯೇ ಇತ್ತು. ಮೇಜಿನ ಕೆಳಗೆ, ಯಾರಿಗೂ ಕಾಣದಂತೆ, ಒಂದು ಒದ್ದೆ ಕೈ ಅವಳ ಕಿರುಬೆರಳನ್ನು ಹುಡುಕಿ ಹಿಡಿದು ಒತ್ತಿತು.

"ನಾನೇ ಎಣಿಸಿ ಕೊಟ್ಟಿದ್ದು," ಎಂದ ಅಣ್ಣ. "ಅವಳನ್ನ ಬೈಬೇಡಿ."

ಅವನು ನಿಜ ಹೇಳುತ್ತಿದ್ದ. ನಿಜ ಹೇಳುತ್ತಿದ್ದೇನೆಂದು ಅವನಿಗೆ ಗೊತ್ತಿರಲಿಲ್ಲ. ತಂಗಿಗಾಗಿ ಸುಳ್ಳು ಹೇಳುತ್ತಿದ್ದೇನೆ ಎಂದುಕೊಂಡೇ ಅವನು ಎದೆಯೊಡ್ಡಿ ನಿಂತಿದ್ದ. ನಲವತ್ತೇಳು ವರ್ಷ ಕಾದು ಬಂದ ಅವಳ ಸರದಿಯನ್ನೂ ಅವನೇ ಕಸಿದುಕೊಂಡಿದ್ದ.

ಗ್ರಂಥಪಾಲಕಿ ಒಮ್ಮೆ ಅಣ್ಣನನ್ನು, ಒಮ್ಮೆ ತಂಗಿಯನ್ನು ನೋಡಿದಳು. ಜಗಳವಾಡಿ ತಪ್ಪನ್ನು ಒಬ್ಬರ ಮೇಲೊಬ್ಬರು ಹಾಕುವವರನ್ನು ಆಕೆ ಎಷ್ಟೋ ನೋಡಿದ್ದಳು. ತಪ್ಪಿಗಾಗಿ ಹೀಗೆ ಕಿತ್ತಾಡುವವರನ್ನು ನೋಡಿರಲಿಲ್ಲ. ಮೇಜಿನ ಮೇಲಿದ್ದ ಎರಡು ಫಾರಂ ಎತ್ತಿಕೊಂಡಳು. ಓದಿದಳು. ಇರುವೆ ದಾರಿ ತಪ್ಪಿದ ಜಾಗ. ಪುಟ ತಿರುಗಿಸಿ ಮುಂದಿನದನ್ನೂ ಓದಿದಳು.

"ಇದು ಹೇಗೆ ಕೂಡಿಸಿದ್ರಿ?" ಎಂದು ಕೊನೆಗೆ ಅಣ್ಣನನ್ನೇ ಕೇಳಿದಳು. ಈ ಸಲ ದನಿಯಲ್ಲಿ ಬೀಗದ ಕೈಗಳಿರಲಿಲ್ಲ.

"ಮಾತು ಅರ್ಧಕ್ಕೆ ನಿಲ್ಲಬಾರದಲ್ಲಮ್ಮ," ಎಂದ ಅಣ್ಣ. "ಮುಂದಿನದು ಎಲ್ಲಿದೆ ಅಂತ ಹುಡುಕ್ಬೇಕು. ಇದ್ದೇ ಇರುತ್ತೆ."

ಗ್ರಂಥಪಾಲಕಿ ಫಾರಮುಗಳನ್ನು ಇದ್ದ ಜಾಗದಲ್ಲೇ ಇಟ್ಟಳು. ಹೊಲಿಗೆಯಕ್ಕ ಎಲ್ಲ ಹೇಳಿದಳು, ಗಡಿಯಾರ, ಬಸ್ಸು, ಪೇಪರು, ತಾನು ನೋಡದೆ ಬಿಟ್ಟ ಮೂಲೆಗಳು. "ತಪ್ಪಿದ್ರೆ ಕೇಳ್ಬೇಡಿ ಅಂದಿದ್ರಿ ಮೇಡಂ. ಕೇಳಲ್ಲ. ಆದ್ರೆ ಅವರು ಎಣಿಸಿದ್ದು ತಪ್ಪಲ್ಲ. ನಾನು ನೋಡ್ದೇ ಇದ್ದದ್ದು ತಪ್ಪು."

"ಇನ್ಮೇಲೆ ಅಂಕಿ ನೀವೇ ನೋಡ್ಬೇಕು," ಎಂದಳು ಗ್ರಂಥಪಾಲಕಿ. "ಪ್ರತಿ ಫಾರಂ. ದೊಡ್ಡವರು ಕೊಟ್ರು ಅಂತ ಬಿಡೋ ಹಾಗಿಲ್ಲ. ಡಾಕ್ಟರ ಹತ್ರ ಈ ವಾರಾನೇ ಕರ್ಕೊಂಡು ಹೋಗಿ, ರಜೆ ಕೊಡ್ತೀನಿ. ಒಲೆ ಹತ್ರ ಅವರನ್ನ ಬಿಡ್ಬೇಡಿ." ಬಾಗಿಲವರೆಗೆ ಹೋದವಳು ಚೀಟಿಯ ಮುಂದೆ ನಿಂತಳು. "ಸ್ಟೂಲಿನ ಮೇಲೆ ಇಡೀ ದಿನ ಕೂತ್ರೆ ಅವರ ಬೆನ್ನು ಏನಾಗ್ಬೇಕು? ಮೇಲೊಂದು ಕೈಯಿರೋ ಕುರ್ಚಿ ಇದೆ. ಕಳಿಸ್ತೀನಿ." ಚೀಟಿಯನ್ನು ಕೀಳಲಿಲ್ಲ. ನಿಯಮ ನಿಯಮವೇ. ಆದರೆ ಕುರ್ಚಿ ಅರ್ಧ ಗಂಟೆಯಲ್ಲಿ ಬಂತು.

ಆ ಮಧ್ಯಾಹ್ನವೆಲ್ಲ ಇಬ್ಬರೂ ಮೂರು ಪುಸ್ತಕಗಳನ್ನು ಮತ್ತೆ ಜೋಡಿಸಿದರು. ಅವಳು ಮೂಲೆ ನೋಡಿ ಫಾರಂ ಇಡುತ್ತಿದ್ದಳು. ಅಣ್ಣ ಹೊಸ ಕುರ್ಚಿಯಲ್ಲಿ ಕೂತು, ಹಿಂದಿನದರ ಕೊನೆಯ ಸಾಲನ್ನೂ ಮುಂದಿನದರ ಮೊದಲ ಸಾಲನ್ನೂ ಗಟ್ಟಿಯಾಗಿ ಓದುತ್ತಿದ್ದ. ಮಾತು ಕೂಡಿದರೆ "ಹೂಂ, ಹೊಲಿ" ಅನ್ನುತ್ತಿದ್ದ. ಅಂಕಿಗೊಂದು ಕಣ್ಣು, ಮಾತಿಗೊಂದು ಕಣ್ಣು. ಇದಕ್ಕಿಂತ ಗಟ್ಟಿಯಾದ ಎಣಿಕೆ ಅಪ್ಪನ ಕಾಲದಲ್ಲೂ ನಡೆದಿರಲಿಲ್ಲ. ಹಿರಿಯ ಸೊಸೆಯ ಮೀಸೆ ಹೋಯಿತು. ಅದು ಹೋದದ್ದಕ್ಕೆ ಅಣ್ಣನಿಗೆ ಸ್ವಲ್ಪ ಬೇಜಾರೇ ಆಯಿತು.

"ಮೊದಲಿದ್ದದ್ದೇ ಚೆನ್ನಾಗಿತ್ತು ಪುಟ್ಟಿ."

"ಹೌದಣ್ಣ. ಆದ್ರೆ ಬರೆದವರು ಒಪ್ಪಬೇಕಲ್ಲ."

ಸಂಜೆ ಅವಳು ಬಾಗಿಲಿಗೆ ಬೀಗ ಹಾಕುತ್ತಿದ್ದಾಗ ಅಣ್ಣ ಆಚೀಚೆ ನೋಡಿ, ಅವಳ ಕಿವಿಯ ಹತ್ತಿರ ಬಗ್ಗಿದ.

"ಬೆಳಿಗ್ಗೆ ನಾನು ಸುಳ್ಳು ಹೇಳ್ದೆ ಕಣೇ. ಎಣಿಸಿದ್ದು ನಾನಲ್ಲ. ನಿಂಗೆ ಬೈತಾರೆ ಅಂತ ಹೇಳ್ಬಿಟ್ಟೆ. ಅಪ್ಪನಿಗೆ ಮಾತ್ರ ಹೇಳ್ಬೇಡ."

ಅಪ್ಪ ತೀರಿಕೊಂಡು ಮೂವತ್ತು ವರ್ಷವಾಗಿತ್ತು. ಹೊಲಿಗೆಯಕ್ಕ ಬೀಗದ ಕೈಯನ್ನು ಚೀಲಕ್ಕೆ ಹಾಕಿದಳು.

"ಹೇಳಲ್ಲ ಅಣ್ಣ," ಎಂದಳು. ಆಮೇಲೆ ಹತ್ತು ವರ್ಷದ ಹುಡುಗಿ ಅಂದು ಕೇಳದೆ ಬಿಟ್ಟ ಮಾತನ್ನು ಕೇಳಿದಳು. "ತುಂಬಾ ನೋವಾಯ್ತಾ?"

ಅಣ್ಣ ಬಲಗೈಯನ್ನು ಮುಂದೆ ಚಾಚಿ, ಬೆರಳುಗಳನ್ನು ಬಿಡಿಸಿ, ಅಂಗೈಯನ್ನು ತಾನೇ ತಿರುಗಿಸಿ ತಿರುಗಿಸಿ ನೋಡಿದ. ಅಲ್ಲಿ ಒಣಗಿದ ಅಂಟು ಬಿಟ್ಟರೆ ಬೇರೇನೂ ಇರಲಿಲ್ಲ.

"ಇಲ್ಲ ಪುಟ್ಟಿ," ಎಂದ. "ಈಗ ಇಲ್ಲ."

ಅವಳು ಆ ಕೈ ಹಿಡಿದುಕೊಂಡಳು. ಇಬ್ಬರೂ ರಸ್ತೆ ದಾಟಿ ಬಸ್ಸಿಗೆ ನಿಂತರು.